ಕೋಟಿಂಗ್ ಇಲ್ಲದ ಚಿಪ್

ಈ ಸಲವೂ ಸೆನ್ಸರ್ ಕೆಟ್ಟುಹೋದರೆ ದಾಕ್ಷಾಯಣಿ ಬಚಾವ್.

ಗುಬ್ಬಿಯ ಮನೆಯಲ್ಲಿ ಅಪ್ಪ ಸದಾಶಿವಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ನಿನ್ನ ಪಿಎಚ್‌ಡಿ ಟೆಸ್ಟ್ ಒಂದು ಮುಗೀಲಿ. ಮಾರನೇ ದಿನಾನೇ ಕುಣಿಗಲ್‌ನೋರಿಗೆ ಮಾತು ಕೊಡ್ತೀನಿ."

ಕುಣಿಗಲ್‌ನ ಹುಡುಗ ಒಳ್ಳೆಯವನೇ. ಕಷ್ಟ ಬಂದಿದ್ದೇ ಅಲ್ಲಿ, ಬೇಡ ಅನ್ನೋಕೆ ಒಂದು ನೆಪವೂ ಸಿಗುತ್ತಿರಲಿಲ್ಲ. ನಿಜವಾದ ಕಾರಣ ವಸಂತನರಸಾಪುರದ ಕಾರ್ಖಾನೆಯಲ್ಲಿ, ಫರ್ನೇಸ್ ಪಕ್ಕ ಬೆವರು ಒರೆಸಿಕೊಳ್ಳುತ್ತಾ ನಿಂತಿತ್ತು. ಹೆಸರು ಕನಕರಾಜು, ಮೇಂಟೆನೆನ್ಸ್ ಎಂಜಿನಿಯರ್, ಊರು ನಿಟ್ಟೂರು, ಜಾತಿ ಬೇರೆ. ಮನೆಯಲ್ಲಿ ಉಸಿರೆತ್ತುವ ಹಾಗಿರಲಿಲ್ಲ.

ಫರ್ನೇಸ್ ಒಳಗಿನ ಬಿಸಿ ಎಷ್ಟೆಂದು ವೈರಿಲ್ಲದೆ ಹೊರಗೆ ತಿಳಿಸುವ ಪುಟ್ಟ ಸೆನ್ಸರ್ ಚಿಪ್ ಅವಳದ್ದು. ಇಂಥ ಚಿಪ್‌ನ ಎಲೆಕ್ಟ್ರೋಡ್‌ಗೆ ಪ್ಲಾಟಿನಂ ಹಾಕುತ್ತಾರೆ. ಸಣ್ಣ ಕಾರ್ಖಾನೆಗಳಿಗೆ ಅದು ಎಲ್ಲಿ ಗಿಟ್ಟಬೇಕು? ಅವಳು ಅಗ್ಗದ ನಿಕ್ಕಲ್ ಹಾಕಿ, ಅದು ಸುಟ್ಟುಹೋಗದ ಹಾಗೆ ಮೇಲೆ ಅಲ್ಯುಮಿನಾದ ಬಿಳಿ ಕೋಟಿಂಗ್ ಕೊಡುತ್ತಿದ್ದಳು.

ಇವತ್ತು ಅವಳು ಟೆಸ್ಟಿಗೆ ತಂದ ಚಿಪ್ ಅನ್ನು ಕನಕರಾಜು ಅಂಗೈ ಮೇಲಿಟ್ಟು ನೋಡಿದ. ಆಮೇಲೆ ಅವಳನ್ನು ನೋಡಿದ, ಕೊಂಚ ಜಾಸ್ತಿ ಹೊತ್ತೇ.

"ಮೇಡಂ, ಕೋಟಿಂಗ್ ಎಲ್ಲಿ?"

"ಕೊಟ್ಟಿದೀನಲ್ಲ."

"ಬಿಳೀನೇ ಇಲ್ಲ, ಬರೀ ನಿಕ್ಕಲ್ ಪಳಪಳ ಹೊಳೀತಿದೆ. ಹೋದ್ಸಲ ಕೆಟ್ಟೋಯ್ತಲ್ಲ, ಅದೂ ಹಿಂಗೇ ಹೊಳೀತಿತ್ತು. ನಾನು ಸುಮ್ನಿದ್ದೆ."

ಅವಳ ಕಿವಿ ಕೆಂಪಾಯಿತು. "ಯಾಕೆ ಸುಮ್ನಿದ್ರಿ?"

"ಕೆಟ್ರೆ ನೀವು ಇನ್ನೊಂದ್ಸಲ ಬರ್ತೀರಲ್ಲ, ಅದಕ್ಕೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಪಾಸಾದ್ರೆ ಮದ್ವೆ ಮಾಡ್ಬಿಡ್ತಾರೆ ಕಣ್ರೀ. ಫೇಲಾದ್ರೆ ಓದು ಹಾಳು. ಯಾವ ಕಡೆ ತಿರುಗಿದ್ರೂ ಗೋಡೆ."

"ಅದಕ್ಕೆ ನಿಮ್ಮ ಕೆಲ್ಸಾನೇ ಸುಟ್ಟಾಕ್ತೀರಾ?" ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಬಾಯ್ಬಿಟ್ಟು ಕೇಳೋಕೆ ನಂಗೆ ಧೈರ್ಯ ಇರ್ಲಿಲ್ಲ. ಈಗ ಕೇಳ್ತೀನಿ. ನನ್ನ ಮದ್ವೆ ಆಗ್ತೀರಾ?"

ದಾಕ್ಷಾಯಣಿ ಬ್ಯಾಗಿನ ತಳದಿಂದ ಹತ್ತಿಯಲ್ಲಿ ಸುತ್ತಿಟ್ಟಿದ್ದ ಬಿಳಿ ಚಿಪ್ ತೆಗೆದು ಅವನ ಅಂಗೈಗಿಟ್ಟಳು. ಬೆರಳು ಅಲ್ಲೇ ಒಂದು ಕ್ಷಣ ಉಳಿಯಿತು.

"ಇದನ್ನ ಒಳಗಿಡಿ."

ಫರ್ನೇಸ್ ಬಾಗಿಲು ಮುಚ್ಚಿತು. ಬಿಸಿ ನಿಧಾನಕ್ಕೆ ಏರುತ್ತಾ ಎಂಟುನೂರು ಡಿಗ್ರಿ ಮುಟ್ಟಿತು. ಲ್ಯಾಪ್‌ಟಾಪ್ ಮೇಲೆ ಚಿಪ್‌ನ ಸಿಗ್ನಲ್ ತೋರಿಸುವ ಹಸಿರು ಗೆರೆ ಒಮ್ಮೆಯೂ ಕಡಿಯಲಿಲ್ಲ. ಇಷ್ಟು ವರ್ಷದ ದುಡಿಮೆ ಗೆದ್ದಿತ್ತು, ಮದುವೆ ಮುಂದೂಡಲು ಅವಳಿಗಿದ್ದ ಒಂದೇ ದಾರಿ ಮುಚ್ಚಿತ್ತು.

ಫೋನ್ ರಿಂಗಾಯಿತು. "ಮುಗೀತೇನಮ್ಮಾ?"

"ಪಾಸಾಯ್ತು ಅಪ್ಪಾಜಿ. ಕುಣಿಗಲ್‌ನೋರಿಗೆ ಮಾತು ಕೊಡ್ಬೇಡಿ. ಸಂಜೆ ಒಬ್ರನ್ನ ಮನೆಗೆ ಕರ್ಕೊಂಡು ಬರ್ತಿದೀನಿ."

ಆ ಕಡೆಯಿಂದ ಒಂದೇ ಮಾತು, "ಯಾರು?"

ಅವಳು ಹೆಸರು ಹೇಳಿದಳು, ಊರು ಹೇಳಿದಳು. ಜಾತಿಯನ್ನೂ ಮುಚ್ಚಿಡಲಿಲ್ಲ.

ಅಪ್ಪ ಫೋನ್ ಇಟ್ಟರೋ, ಹಾಗೇ ಹಿಡಿದು ಕೂತರೋ ಗೊತ್ತಾಗಲಿಲ್ಲ. ಕನಕರಾಜು ಮಾತ್ರ ಅಷ್ಟರಲ್ಲೇ ಬೈಕಿನಲ್ಲಿ ಗುಬ್ಬಿಗೆ ಹೋಗಲು ಅವಳಿಗೂ ಒಂದು ಹೆಲ್ಮೆಟ್ ಕೇಳಿ ತರಲು ಸೆಕ್ಯುರಿಟಿ ರೂಮಿನತ್ತ ಓಡಿದ್ದ.