ಗುರುವಾರದ ಹೊಟ್ಟೆನೋವು

"ಅಯ್ಯೋ ಅಜ್ಜೀ, ಅಲ್ಲಿ ಒತ್ತಬ್ಯಾಡ!"

"ಸುಮ್ಕಿರು. ಬಟ್ಟಿ ಎಲ್ಲಿಗೆ ಜಾರೈತೋ ನೋಡಬೇಕು."

ಗಂಗಿ ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಅಜ್ಜಿ ಬೊಮ್ಮಕ್ಕ ಅವಳ ಹೊಟ್ಟೆಗೆ ಹರಳೆಣ್ಣೆ ಸವರಿ ಹೆಬ್ಬೆರಳಿನಿಂದ ನೀವುತ್ತಿದ್ದಳು. ಹೊಕ್ಕುಳ ಹತ್ತಿರ ಮಿಡಿಯುತ್ತದಲ್ಲ, ಅದಕ್ಕೆ ಊರವರು ಬಟ್ಟಿ ಎನ್ನುತ್ತಾರೆ. ಎತ್ತರದಿಂದ ಹಾರಿದರೆ, ಭಾರದ ಕೊಡ ಎತ್ತಿದರೆ ಅದು ಜಾಗ ಬಿಟ್ಟು ಜಾರುತ್ತದಂತೆ. ಜಾರಿದ್ದನ್ನು ನೀವಿ ಕೂರಿಸುವುದರಲ್ಲಿ ಬೊಮ್ಮಕ್ಕನದು ಎತ್ತಿದ ಕೈ.

"ಈ ನೋವು ಇವಳನ್ನ ಬಿಡಂಗೆ ಕಾಣಲ್ಲ," ಎಂದಳು ಅವ್ವ ಪ್ರೇಮಮ್ಮ, ರೊಟ್ಟಿ ತಟ್ಟುತ್ತಲೇ. "ಕುಂಟೆಬಿಲ್ಲೆ ಆಡಬ್ಯಾಡ ಅಂದ್ರೆ ಎಲ್ಲಿ ಕೇಳ್ತಾಳೆ?"

"ನಾನು ಆಡೇ ಇಲ್ಲವ್ವಾ!"

ಅಷ್ಟರಲ್ಲಿ ಶಾಲೆಯ ಗಂಟೆ ಢಣಢಣ ಮೊಳಗಿತು. ಗಂಗಿ ಮಂಡಿ ಮಡಚಿ ಮುದುಡಿಕೊಂಡಳು. ಪ್ರಾರ್ಥನೆಯ ಸದ್ದು ಕೇಳಿಬಂದು ನಿಂತಿತು. ಆಮೇಲೆ ನೋವೂ ಮೆಲ್ಲಗೆ ಇಳಿಯಿತು.

"ನೋಡಿದ್ಯಾ ನನ್ನ ಕೈಗುಣ!" ಅಜ್ಜಿ ಬೀಗಿದಳು.

ಅಪ್ಪ ಮರುಳಪ್ಪನಿಗೆ ಈ ಕೈಗುಣ ಸಾಕಾಗಿತ್ತು. ಅವತ್ತೇ ಮಗಳನ್ನು ಬಸ್ಸು ಹತ್ತಿಸಿ ಚನ್ನಗಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಅವಳ ನಾಲಿಗೆ ನೋಡಿದರು, ಕಣ್ಣು ನೋಡಿದರು, ಹೊಟ್ಟೆ ಒತ್ತಿ ನೋಡಿದರು.

"ಜ್ವರ ಬರುತ್ತಾ? ವಾಂತಿ, ಭೇದಿ?"

"ಇಲ್ರೀ."

"ಆಟ ಆಡುವಾಗ ನೋವು ಬರುತ್ತಾ? ನಿದ್ದೆಯಲ್ಲಿ ಎಬ್ಬಿಸುತ್ತಾ?"

ಗಂಗಿ ಇಲ್ಲ ಎಂದು ತಲೆಯಾಡಿಸಿದಳು.

"ಹೊಟ್ಟೆಯೊಳಗೆ ರೋಗ ಏನೂ ಕಾಣ್ತಿಲ್ಲ ಮರುಳಪ್ಪನೋರೆ. ನೋವು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ, ಅದನ್ನ ಮನೇಲಿ ಸ್ವಲ್ಪ ಗಮನಿಸಿ."

ಅಪ್ಪನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮನೆಗೆ ಬಂದವನೇ ಚಪ್ಪಲಿ ಅಂಗಳಕ್ಕೆ ಬಿಸಾಡಿ ಕೂಗಾಡಿದ. "ಏನೂ ಇಲ್ಲವಂತೆ! ಶಾಲೆ ತಪ್ಪಿಸಾಕೆ ನಾಟಕ ಇದು. ಸುಳ್ಳಿ! ಇನ್ನೊಂದ್ಸಲ ಹೊಟ್ಟೆ ಅಂದ್ರೆ ಶಾಲೆ ಬಿಡಿಸಿ ಎಮ್ಮೆ ಕಾಯಾಕೆ ಕಳಸ್ತೀನಿ, ನೋಡ್ತಿರು."

ಗಂಗಿಗೆ ಶಾಲೆ ಎಂದರೆ ಇಷ್ಟ. ಲೆಕ್ಕ ಇಷ್ಟ, ಪಾಠ ಓದುವುದು ಇನ್ನೂ ಇಷ್ಟ. ಆದರೆ ಹೊಟ್ಟೆ ಹಿಂಡುವುದೂ ನಿಜ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಸುಳ್ಳು ನೋವಾದರೆ ಕಣ್ಣಲ್ಲಿ ನೀರು ಯಾಕೆ ಬರುತ್ತದೆ? ಯಾರನ್ನು ಕೇಳುವುದು? ಅಪ್ಪನೇ ಸುಳ್ಳಿ ಅಂದರೆ ತಾನು ಸುಳ್ಳಿಯೇ ಇರಬೇಕು ಅನ್ನಿಸಿತು ಅವಳಿಗೆ.

ಮತ್ತೆ ಗುರುವಾರ ಬಂತು. ನೋವೂ ಬಂತು. ಈ ಸಲ ಗಂಗಿ ಯಾರಿಗೂ ಹೇಳಲಿಲ್ಲ. ಪಾಟೀಚೀಲ ತಬ್ಬಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಕೂತಳು. ಅಂಗೈ ಬೆವರುತ್ತಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಸಗಣಿ ತೆಗೆಯಲು ಬಂದ ಅಜ್ಜಿ ಅವಳನ್ನು ನೋಡಿ ಬುಟ್ಟಿ ಕೆಳಗಿಟ್ಟಳು. ಕೈ ತೊಳೆದುಕೊಂಡು ಪಕ್ಕದಲ್ಲಿ ಕೂತಳು. ಎಣ್ಣೆ ತರಲಿಲ್ಲ, ನೀವಲಿಲ್ಲ. ಬರೀ ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು.

"ಯಾವಾಗ ಬರ್ತೈತೆ ನೋಡ್ರಿ ಅಂದ್ರು ಆ ಡಾಕ್ಟ್ರು ಅಂತ ನೀನೇ ಹೇಳಿದ್ಯಲ್ಲ? ನೋಡಾನ ತಡಿ. ನಮ್ಮ ಕೆಂದಿ ಈ ಸಲ ಹೆಣ್ಣುಕರ ಹಾಕ್ತೈತೋ, ಹೋರಿನೋ?"

"ಹೆಣ್ಣು." ಅಂಗೈಯ ಕೆಳಗೆ ಹೊಟ್ಟೆ ಮೆತ್ತಗಾಯಿತು.

"ಷಣ್ಮುಖಪ್ಪ ಮೇಷ್ಟ್ರು ಹೊಡಿತಾರಾ?"

"ಇಲ್ಲಜ್ಜಿ, ಭಾಳ ಒಳ್ಳೇರು." ಹೊಟ್ಟೆ ಈಗಲೂ ಮೆತ್ತಗೇ ಇತ್ತು.

"ಇವತ್ತು ಪ್ರೇಯರ್‌ನಾಗೆ ಏನೇನು ಹೇಳಿಸ್ತಾರೆ?"

ಅಜ್ಜಿಯ ಕೈಯ ಕೆಳಗೆ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು.

"ಹ್ಞಾಂ! ಸಿಕ್ತು," ಎಂದಳು ಬೊಮ್ಮಕ್ಕ. "ಈಗ ಹೇಳು."

ಗಂಗಿ ಬಿಕ್ಕುತ್ತ ಹೇಳಿದಳು. ಗುರುವಾರ ಐದನೇ ಕ್ಲಾಸಿನ ಸರದಿ. ಇಡೀ ಶಾಲೆಯ ಮುಂದೆ ನಿಂತು ಆ ದಿನದ ಪಂಚಾಂಗ ಹೇಳಬೇಕು. ಚೆನ್ನಾಗಿ ಓದುತ್ತೀಯ, ನೀನೇ ಹೇಳು ಎಂದು ಮೇಷ್ಟ್ರು ಅವಳನ್ನು ಆರಿಸಿದ್ದರು. ಮೊದಲ ದಿನವೇ ಸಂವತ್ಸರದ ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿತು. ಏಳನೇ ಕ್ಲಾಸಿನ ಹುಡುಗರು ಹೋ ಎಂದು ನಕ್ಕರು.

"ಬಟ್ಟಿ ಜಾರಿಲ್ಲ ಕಣವ್ವಾ. ನಾನೇ ತಪ್ಪು ತಿಳಕಂಡಿದ್ದೆ. ಅಂಜಿಕೆ ಬಂದು ನಿನ್ನ ಹೊಟ್ಯಾಗೆ ಕುಂತೈತೆ."

"ಹಂಗಾರೆ ನಾನಂದಿದ್ದೇ ಖರೆ ಆತು. ಹೊಟ್ಟೆನೋವು ಸುಳ್ಳೇ!" ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪ ನಿಂತಿದ್ದ.

ಬೊಮ್ಮಕ್ಕ ಸರ್ರನೆ ತಿರುಗಿದಳು. "ಯಾವನಲೇ ಸುಳ್ಳು ಅಂದೋನು? ಹೆಣ್ಣು ನೋಡಾಕೆ ಕತ್ತಲಗೆರೆಗೆ ಹೋದ ದಿನ ನೀನು ಎಷ್ಟು ಸಲ ಚೊಂಬು ಹಿಡಕಂಡು ಹೊಲಕ್ಕೆ ಓಡಿದ್ದೆ? ಅದೂ ಸುಳ್ಳೇನು?"

ಅಡುಗೆಮನೆಯಿಂದ ಅವ್ವನ ನಗು ಕೇಳಿಸಿತು. "ನಮ್ಮಪ್ಪ ಅಂತೂ, ಹುಡುಗ ಎಲ್ಲಿ, ಹುಡುಗ ಎಲ್ಲಿ ಅಂತ ಹಿತ್ತಲೆಲ್ಲಾ ಹುಡುಕಿದ್ರು!"

ಮರುಳಪ್ಪನ ಕಿವಿ ಕೆಂಪಗಾಯಿತು. ಆಮೇಲೆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅದೇನವ್ವಾ ಆ ಸಂವತ್ಸರದ ಹೆಸರು?"

"ರುಧಿರೋದ್ಗಾರಿ."

"ರುಧಿ... ರೋಗ್ದಾರಿ..."

"ಅಲ್ಲಪ್ಪಾ! ರುಧಿರ, ಉದ್ಗಾರಿ. ಕೂಡಿಸಿ ಹೇಳು."

"ರುದ್ರೋದ್... ಥೂ ಇದರ! ಒಂದು ಸುಲಭದ ಹೆಸರು ಇಡಾಕೆ ಏನಾಗಿತ್ತು ಇದಕ್ಕೆ?"

ಗಂಗಿ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. ಅಪ್ಪ ಎದ್ದು ಟವೆಲ್ಲು ಹೆಗಲಿಗೆ ಹಾಕಿದ. "ನಡಿ, ಗಂಟೆ ಹೊಡಿತಾರೆ. ನಾನೂ ಬರ್ತೀನಿ. ಕಾಂಪೌಂಡ್ ತಾವ ನಿಂತಿರ್ತೀನಿ."

ಪ್ರಾರ್ಥನೆಗೆ ನಿಂತಾಗ ಹೊಟ್ಟೆ ಮತ್ತೆ ಹಿಂಡಿತು. ಗಂಗಿ ಅಜ್ಜಿಯ ಹಾಗೆ ಅಂಗೈ ಇಟ್ಟು ನೋಡಿದಳು. ಕಲ್ಲಿನ ಹಾಗೇ ಇತ್ತು. ಬಂದ್ಯಾ ಅಂಜಿಕೇ, ಕುಂತ್ಕ, ಎಂದಳು ಮನಸ್ಸಿನಲ್ಲೇ. ಮುಂದೆ ಹೋಗಿ ನಿಂತಳು.

"ಶ್ರೀ ರುಧಿ..."

ಯಾರೋ ಕಿಸಕ್ಕೆಂದರು. ಕಾಂಪೌಂಡಿನಾಚೆ ಕಾಣುತ್ತಿದ್ದ ಅಪ್ಪನ ತುಟಿ ಅಲುಗಾಡುತ್ತಿತ್ತು. ಅವನೂ ಅದೇ ಹೆಸರಿನ ಜೊತೆ ಗುದ್ದಾಡುತ್ತಿದ್ದ! ಗಂಗಿ ಉಸಿರೆಳೆದುಕೊಂಡು ಮೊದಲಿಂದ ಶುರು ಮಾಡಿದಳು. "ಶ್ರೀ ರುಧಿರೋದ್ಗಾರಿ ನಾಮ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಮಾಸ..." ಕೊನೆಯವರೆಗೂ ಹೇಳಿದಳು. ಧ್ವನಿ ನಡುಗಿತು, ಆದರೆ ನಿಲ್ಲಲಿಲ್ಲ. ನೋವು ಅವಳ ಜೊತೆ ಕ್ಲಾಸಿನ ತನಕ ಬಂತು. ಲೆಕ್ಕ ಮಾಡುತ್ತ ಕೂತವಳಿಗೆ ಅದು ಯಾವಾಗ ಎದ್ದುಹೋಯಿತೋ ಗೊತ್ತಾಗಲಿಲ್ಲ.

ಮುಂದೊಂದು ಭಾನುವಾರ. ಹೊಲದಲ್ಲಿ ಶೇಂಗಾ ಕೀಳುತ್ತಿದ್ದರು. ಗಂಗಿ ಬಿಡಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು. ಸಂಜೆ ಮನೆಗೆ ಬಂದವಳು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು.

"ನಾಳೆ ಏನಾರ ಐತೇನವ್ವಾ ಶಾಲ್ಯಾಗೆ? ಭಾಷಣಗೀಷಣ?" ಅವ್ವ ಮೆಲ್ಲಗೆ ಕೇಳಿದಳು.

ಗಂಗಿ ಹೊಟ್ಟೆಯ ಮೇಲೆ ಕೈಯಿಟ್ಟು, "ರುಧಿರೋದ್ಗಾರಿ," ಎಂದಳು. ಹೊಟ್ಟೆ ಬಿಗಿಯಲಿಲ್ಲ. ಎದೆಯೂ ಡವಡವ ಅನ್ನಲಿಲ್ಲ. ಒಳಗೆ ಗುಡುಗುಡು ಸದ್ದಾಯಿತು, ಅಷ್ಟೇ.

"ಅಪ್ಪಾ, ಇದು ಆ ನೋವಲ್ಲ. ಇದು ಬೇರೆ," ಎಂದಳು ಅಲ್ಲೇ ಕೂತಿದ್ದ ಅಪ್ಪನಿಗೆ.

ಮರುಳಪ್ಪ ಖರೇನಾ ಎಂದು ಕೇಳಲಿಲ್ಲ. ಎದ್ದು ಹಂಡೆಯಿಂದ ಚೊಂಬು ತುಂಬಿ ಮಗಳ ಕೈಗಿತ್ತ.

"ಓಡು!"

ಗಂಗಿ ಓಡಿದಳು. ಹೊಟ್ಟೆ ನೋಯುತ್ತಲೇ ಇತ್ತು. ಆದರೂ ದಾರಿಯುದ್ದಕ್ಕೂ ಅವಳಿಗೆ ನಗು ಬರುತ್ತಿತ್ತು.