ನಕ್ಷೆಯಲ್ಲಿ ಒಣಗಿದ್ದ ಬೀದಿ

ನೀರು ಇಳಿದ ಮೇಲೆ ಕೆಳಬೀದಿಯ ಟೈಲರ್ ತನ್ನ ಅಂಗಡಿಯಲ್ಲೇ ಸಿಕ್ಕ. ಹೊಲಿಗೆ ಮಷೀನಿನ ಕಾಲಿಗೆ ಒರಗಿಕೊಂಡು, ಸೂಜಿ ಬಿದ್ದಿತೆಂದು ಹುಡುಕಲು ಬಗ್ಗಿದವನ ಹಾಗೆ. ಗೋಡೆಯ ಮೇಲೆ ಎದೆಯೆತ್ತರಕ್ಕೆ ಕೆಸರಿನ ಗೆರೆ.

ಪ್ರವಾಹದ ನಕ್ಷೆಯಲ್ಲಿ ಆ ಬೀದಿ ಬಿಳಿ. ಬಿಳಿ ಎಂದರೆ ಒಣನೆಲ. ಹಾಗೆಂದೇ ಅಲ್ಲಿಗೆ ದೋಣಿ ಹೋಗಲಿಲ್ಲ.

ನಕ್ಷೆ ತೆಗೆದವಳು ಟೈಲರನ ಅಣ್ಣನ ಮಗಳು. ಪ್ರವಾಹ ಮುನ್ಸೂಚನೆ ಕಚೇರಿಯವರ ಬಾಯಲ್ಲಿ ಅವಳು ಗುಬ್ಬಚ್ಚಿ. ಮಳೆ ಧೋ ಎನ್ನುತ್ತಿದ್ದಾಗ ತನ್ನ ಮೇಜಿನಿಂದ ಅವಳೇ ಫೋನ್ ಮಾಡಿದ್ದಳು— "ಚಿಕ್ಕಪ್ಪಾ, ನಿಮ್ಮ ಬೀದಿಗೆ ನೀರು ಬರಲ್ಲ. ನಕ್ಷೆ ನನ್ನ ಕಣ್ಮುಂದೇ ಇದೆ. ಚಿಕ್ಕಮ್ಮ ತವರಲ್ಲೇ ಇರ್ಲಿ, ನೀವೂ ಎಲ್ಲೂ ಹೋಗ್ಬೇಡಿ."

ಅವನು ಹೋಗಲಿಲ್ಲ. ಚಿಕ್ಕಮ್ಮ ಅಂದಿನಿಂದ ಅವಳ ಮುಖ ನೋಡಿರಲಿಲ್ಲ.

ಈಗ ಅದೇ ಚಿಕ್ಕಮ್ಮ ಕಚೇರಿಯ ಮೀಟಿಂಗ್ ಕೋಣೆಯಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಕರೆಸಿದವರು ತನಿಖಾಧಿಕಾರಿ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಜನರ ಮಾತನ್ನು ಒತ್ತಿ ನೋಡುವ ಹೆಂಗಸು.

"ತಪ್ಪು ಈ ಹುಡುಗಿಯದು," ಎಂದರು ಕಚೇರಿಯ ಮುಖ್ಯಸ್ಥರು.

"ನೀವು ಸಾಫ್ಟ್‌ವೇರ್ ತೆರೆದು ನೋಡಿದ್ರಾ?"

"ನಾನಾ? ನಂಗೆ ಪಾಸ್‌ವರ್ಡೇ ಗೊತ್ತಿಲ್ಲ. ಸಹಿ ಹಾಕೋದಷ್ಟೇ ನನ್ನ ಕೆಲಸ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ ಸಾರ್!" ಹಿರಿಯ ಎಂಜಿನಿಯರ್ ಅಡ್ಡ ಬಂದಳು. ಗುಬ್ಬಚ್ಚಿ ಅವಳನ್ನು ಕರೆಯುತ್ತಿದ್ದುದು ಅಕ್ಕ ಎಂದು. ಕೆಲಸ ಕಲಿಸಿದವಳು. ಚಿಕ್ಕಪ್ಪ ಹೋದ ಮೇಲೆ ತನ್ನ ಡಬ್ಬಿಯಲ್ಲಿ ಅರ್ಧ ಕೊಟ್ಟು, ಎದುರು ಕೂತು ತಿನ್ನಿಸಿದವಳು. "ನೆಲ ಅಳೆದವರನ್ನೂ ಒಂದು ಮಾತು ಕೇಳಿ."

ಸರ್ವೆಯವನು ಗುರ್ರೆಂದ. "ನಾನು ಇರೋ ನೆಲ ಅಳೀತೀನಿ. ಇಲ್ಲದ್ದನ್ನ ಅಳೆಯೋ ವಿದ್ಯೆ ನಂಗೆ ಬರಲ್ಲ."

ತನಿಖಾಧಿಕಾರಿ ಗುಬ್ಬಚ್ಚಿಯತ್ತ ತಿರುಗಿದರು. "ನೀನು ಹೇಳು ಮಗಳೇ. ನಂಗೆ ತಿಳಿಯೋ ಹಾಗೆ. ನಕ್ಷೆ ಹೇಗೆ ತಯಾರಾಗುತ್ತೆ?"

ಗುಬ್ಬಚ್ಚಿ ಎದ್ದು ನಿಂತಳು. "ಎರಡು ಹಂತ ಮೇಡಂ. ಮೊದಲು ಊರನ್ನ ಮನೆಯಷ್ಟು ದೊಡ್ಡ ಚೌಕ ಮಾಡಿ, ಒಂದೊಂದರಲ್ಲೂ ನೀರಿನ ಮಟ್ಟ ಎಷ್ಟು ಅಂತ ಲೆಕ್ಕ. ಅದಕ್ಕೆ ಇಡೀ ದಿನ ಬೇಕು. ಆಮೇಲೆ ಹೈ ರೆಸಲ್ಯೂಶನ್ ನಕ್ಷೆ. ನೆಲವನ್ನ ಅಂಗೈಯಗಲದ ಚೌಕ ಮಾಡಿ ಅದರ ಮೇಲೆ ಆ ಮಟ್ಟ ಹಾಸೋದು. ನೆಲ ಕೆಳಗಿದ್ರೆ ನೀಲಿ, ಮೇಲಿದ್ರೆ ಬಿಳಿ. ಇದು ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ."

"ಎರಡಕ್ಕೂ ನೆಲ ಒಂದೇ?"

"ಒಂದೇ ಇರ್ಬೇಕು. ಆದ್ರೆ ನೆಲದ ಎತ್ತರದ ಫೈಲನ್ನ ಸೆಟ್ಟಿಂಗಲ್ಲಿ ಬೇರೆ ಬೇರೆ ಕಡೆ ಕೊಡ್ತೀವಿ."

"ಈಗ ಹೇಗಿದೆ?"

"ಸರಿಯಾಗೇ ಇದೆ. ಈಗ ತೆಗೆದ್ರೆ ಬೀದಿ ಪೂರ್ತಿ ನೀಲಿ. ಆವತ್ತು ಯಾಕೆ ಬಿಳಿ ಬಂತು ಅಂತ ನಂಗೂ ಗೊತ್ತಾಗ್ತಿಲ್ಲ."

"ಅಂದ್ರೆ ಯಾರೋ ಬದಲಾಯಿಸಿ, ಆಮೇಲೆ ಏನೂ ಅರಿಯದವರ ಹಾಗೆ ಮೊದಲಿನಂತೆ ಇಟ್ಟಿದ್ದಾರೆ. ಪಾಸ್‌ವರ್ಡ್ ಯಾರ ಹತ್ರ ಇದೆ?"

ಗುಬ್ಬಚ್ಚಿ, ಅಕ್ಕ, ಸರ್ವೆಯವನು. ಮೂವರೂ ತಮ್ಮ ಹತ್ತಿರ ಇದೆಯೆಂದು ತಲೆಯಾಡಿಸಿದರು.

ತನಿಖಾಧಿಕಾರಿ ಎದ್ದು ಗೋಡೆಯ ಮೇಲಿದ್ದ ಆವತ್ತಿನ ನಕ್ಷೆಗೆ ಮೂಗು ತಾಗಿಸಿದರು. "ಈ ನೀಲಿ ಚುಕ್ಕೆಗಳು?"

"ನೊಣದ ಗಲೀಜು," ಎಂದು ಮುಖ್ಯಸ್ಥರು ನಕ್ಕರು. ಬೇರೆ ಯಾರೂ ನಗಲಿಲ್ಲ.

"ಸಣ್ಣ ಚೌಕ ಅಂದ್ರೆ ಹಾಗೇ ಮೇಡಂ," ಎಂದಳು ಅಕ್ಕ. "ಗುಂಡಿ, ಹಳ್ಳ ಎಲ್ಲ ಚುಕ್ಕೆ ಚುಕ್ಕೆಯಾಗಿ ಬರುತ್ತೆ. ನಾವು ಯಾರೂ ಅದನ್ನ ನೋಡೋಕೆ ಹೋಗಲ್ಲ."

"ನಂಗೆ ಬೇರೆ ಕೆಲಸ ಇಲ್ಲ, ನೋಡ್ತೀನಿ. ಇಲ್ಲಿ ಬಾಮ್ಮಾ. ಈ ಚುಕ್ಕೆ ಎಲ್ಲಿ ಬರುತ್ತೆ?"

ಚಿಕ್ಕಮ್ಮ ಎದ್ದು ಬಂದಳು. "ನಮ್ಮ ಅಂಗಡಿ. ಬೀದಿಗಿಂತ ಒಂದು ಮೆಟ್ಟಿಲು ಕೆಳಗೆ."

"ಇದು?"

"ಪಕ್ಕದ ಮನೆ ಅಂಗಳ. ಇದು ಎದುರು ಮನೆಯವರದ್ದು."

"ಕೇಳಿದ್ರಾ? ಎಲ್ಲ ಅಂಗಳದಲ್ಲೂ ನೀರು, ನಡುವಿನ ಬೀದಿ ಒಣ! ಬೀದಿ ದಾಟಿ ಅಂಗಳಕ್ಕೆ ಹಾರೋಕೆ ನೀರಿಗೇನು ರೆಕ್ಕೆ ಇದ್ಯಾ? ಲೆಕ್ಕ ತಪ್ಪಿ ಮಟ್ಟ ಕಡಿಮೆ ಬಂದಿದ್ರೆ ಅಂಗಳವೂ ಒಣಗಿರ್ತಿತ್ತು. ಈ ಹುಡುಗಿ ಲೆಕ್ಕ ಸರಿ. ನೀರು ಅಲ್ಲೇ ಇದೆ. ನಕ್ಷೆಯೊಳಗಿನ ನೆಲದಲ್ಲಿ ಬೀದಿ ಮಾತ್ರ ನೀರಿಗಿಂತ ಮೇಲೆದ್ದು ಕೂತಿದೆ. ಅಂಥ ಎತ್ತರದ ಬೀದಿ ಎಲ್ಲಿದೆ?"

"ಎಲ್ಲೂ ಇಲ್ಲ," ಎಂದ ಸರ್ವೆಯವನು. "ಎತ್ತರಿಸೋ ಯೋಜನೆ ಇದೆ ಅಷ್ಟೆ. ಆ ನೆಲ ಬರೀ ಅವರ ಕಂಪ್ಯೂಟರಲ್ಲಿ—" ಮಾತು ನುಂಗಿಕೊಂಡ.

"ಯಾರ ಕಂಪ್ಯೂಟರಲ್ಲಿ?"

ಗುಬ್ಬಚ್ಚಿಯ ಕಣ್ಣು ಅಕ್ಕನತ್ತ ಹೊರಳಿತು. ಹಿಂದಕ್ಕೆ ಬರಲಿಲ್ಲ.

"ನಿಮ್ಮ ಯೋಜನೆ, ನೀವು ಬರೆದ ನೆಲ," ತನಿಖಾಧಿಕಾರಿ ಅಕ್ಕನ ಎದುರು ಕೂತರು. "ಬದಲಾಯಿಸಿದವರು ನೀವೇ."

ಅಕ್ಕ ಇಲ್ಲವೆನ್ನಲಿಲ್ಲ. "ಬೀದಿ ಎತ್ತರಿಸಿದ್ರೆ ಹೇಗೆ ಒಣಗಿರುತ್ತೆ ಅಂತ ದೊಡ್ಡವರಿಗೆ ತೋರ್ಸೋಕೆ ಒಂದು ಚಿತ್ರ ಬೇಕಿತ್ತು. ಲೆಕ್ಕ ಮತ್ತೆ ಓಡಿಸೋ ತಾಳ್ಮೆ ಇರಲಿಲ್ಲ. ನಕ್ಷೆಯ ಕೆಳಗಿನ ನೆಲ ಮಾತ್ರ ಬದಲಾಯಿಸಿದೆ. ವಾಪಸ್ ಹಾಕೋಕೆ ಮರೆತೆ. ಇವಳು ಅದೇ ಸೆಟ್ಟಿಂಗಲ್ಲಿ ಊರಿನ ನಕ್ಷೆ ತೆಗೆದುಬಿಟ್ಳು."

"ನಿಮಗೆ ಗೊತ್ತಾಗಿದ್ದು ಯಾವಾಗ?"

"ಹೇಳಕ್ಕಾ," ಗುಬ್ಬಚ್ಚಿ ಬೇಡಿಕೊಂಡಳು. "ನೀರು ಇಳಿದ ಮೇಲೆ ತಾನೇ? ಹೌದು ಅನ್ನು."

"ನೀನು ಚಿಕ್ಕಪ್ಪಂಗೆ ಫೋನ್ ಮಾಡ್ತಿದ್ದಾಗ," ಎಂದಳು ಅಕ್ಕ, ತನ್ನ ಉಗುರು ನೋಡುತ್ತ. "ಪಕ್ಕದ ಮೇಜಲ್ಲಿ ಅದನ್ನೇ ಸರಿಮಾಡ್ತಾ ಕೂತಿದ್ದೆ."

"ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ಬಾಯಿಬಿಟ್ರೆ ಯೋಜನೆ ಕೈತಪ್ಪುತ್ತೆ ಅಂತ... ಅಷ್ಟು ನೀರು ಬರಲ್ಲ ಅಂದ್ಕೊಂಡೆ ಕಣೇ."

ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಹುಡುಕಲು ರಾಜಕುಮಾರ ಅಷ್ಟು ದೂರ ಹೋಗಬೇಕಿತ್ತು. ಗುಬ್ಬಚ್ಚಿಯ ಗಿಳಿ ಪಕ್ಕದ ಮೇಜಲ್ಲೇ ಇತ್ತು; ಇಷ್ಟು ದಿನ ಅವಳು ಅದರ ಡಬ್ಬಿಯಿಂದಲೇ ಉಂಡಿದ್ದಳು.

ಅವಳು ಚಿಕ್ಕಮ್ಮನ ಕೈಗೆ ಕೈ ಚಾಚಿದಳು. "ಚಿಕ್ಕಮ್ಮಾ, ಕೇಳಿದ್ರಲ್ಲ? ನನ್ನ ತಪ್ಪಲ್ಲ ಅಂತ—"

ಚಿಕ್ಕಮ್ಮ ಮೊದಲ ಸಲ ಅವಳ ಮುಖ ನೋಡಿದಳು.

"ಕೇಳ್ದೆ. ಒಬ್ಳು ಹೇಳಿದ್ಳು, ಇನ್ನೊಬ್ಳು ಹೇಳ್ಲಿಲ್ಲ. ಅವರು ನಂಬಿದ್ದು ನಿನ್ನ ಮಾತನ್ನ ಕಣೇ, ನಕ್ಷೆಯನ್ನಲ್ಲ."

ಕೈ ಹಿಂದಕ್ಕೆಳೆದುಕೊಂಡು, ಗೋಡೆ ಹಿಡಿದು ಒಬ್ಬಳೇ ಮೆಟ್ಟಿಲಿಳಿದು ಹೋದಳು.