ಹದಿನಾಲ್ಕು ಊರುಗಳ ಮುಂದೆ ಒಂದು ಸೇಡು

ನೀರಜಾ ಋಷಿಕೇಶನ ಮೇಲೆ ಹಲ್ಲು ಕಡಿಯಲು ಶುರುಮಾಡಿದ್ದು ಒಂದು ಸೋಮವಾರ ಮಧ್ಯಾಹ್ನ, ಎರಡೂಕಾಲು ಗಂಟೆಗೆ.

ಹದಿನಾಲ್ಕು ಊರುಗಳ ಜನ ಒಂದೇ ವಿಡಿಯೋ ಕಾಲ್‌ನಲ್ಲಿ ಕೂತಿದ್ದರು. ಮನಿಲಾ, ವಾರ್ಸಾ, ನೈರೋಬಿ, ಡಬ್ಲಿನ್. ಅವರ ನಡುವೆ ಪುಣೆಯ ಕೊಂಢವಾದಲ್ಲಿ, ಎರಡನೇ ಮಹಡಿಯ ಮನೆಯಲ್ಲಿ ಇವಳು. ಋಷಿಕೇಶ ಎಂಬ ಹೊಸಬ ಒಂದು ಸ್ಲೈಡ್ ತೋರಿಸಿದ. ಎಲ್ಲರ ಹೆಸರಿನ ಮುಂದೆ ಹಸಿರು ಗೆರೆ. ಕಟ್ಟಕಡೆಗೆ ಒಂದೇ ಒಂದು ಕೆಂಪು ಗೆರೆ.

"ನೀರಜಾ, ಪುಣೆ. ನಲವತ್ತೊಂದು ಪರ್ಸೆಂಟ್ ಆಕ್ಟಿವ್," ಎಂದು ಇಂಗ್ಲಿಷಿನಲ್ಲಿ ಓದಿದ. ದನಿಯಲ್ಲಿ ಉಪ್ಪಿಲ್ಲ, ಖಾರವಿಲ್ಲ.

ಡಬ್ಲಿನ್‌ನ ಮುಖ್ಯಸ್ಥೆ ಮೊಯ್ರಾ ಕನ್ನಡಕ ಸರಿಮಾಡಿಕೊಂಡು, ಹಾಗಾದರೆ ನೀರಜಾಳ ಕೆಲಸ ಪರ್ಮನೆಂಟ್ ಮಾಡುವ ವಿಷಯವನ್ನು ತಿಂಗಳ ಕೊನೆಯ ರಿವ್ಯೂನಲ್ಲಿ ನೋಡೋಣ ಎಂದಳು. ಮೂರು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲಿದ್ದ ನೀರಜಾಳ ಕಿವಿ ಬಿಸಿಯಾಯಿತು.

ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ, ಸಣ್ಣಕ್ಷರದ ಚೀಟಿ, ಅದನ್ನು ಹತ್ತಾರು ಭಾಷೆಗಳಲ್ಲಿ ತಯಾರಿಸುವ ಕಂಪನಿ ಅದು. ಕನ್ನಡ ಮತ್ತು ಮರಾಠಿ ಚೀಟಿಗಳ ತಪ್ಪು ಹಿಡಿಯುವುದು ನೀರಜಾಳ ಕೆಲಸ. ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು, ಜೋರಾಗಿ ಓದುತ್ತ ತಪ್ಪು ಹುಡುಕಿ, ಆ ಪುಟದ ಫೋಟೋ ಕಳಿಸುವುದು ಅವಳ ರೂಢಿ. ಋಷಿಕೇಶ ತಂದ ಹೊಸ ಟೈಮ್ ಟ್ರ್ಯಾಕರಿಗೆ ಕೀಬೋರ್ಡು, ಮೌಸು ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ. ಐದು ನಿಮಿಷ ಅವು ಅಲುಗಾಡದಿದ್ದರೆ ಅವಳು ಖಾಲಿ ಕೂತಂತೆ.

"ಯಾಂವ ಅವಾ?" ಅಡುಗೆಮನೆಯಿಂದ ಅವ್ವ ಅಂಬಾ ಕೇಳಿದಳು.

"ಯಾಂವೋ ಒಬ್ಬಾಂವ. ಇಲ್ಲೇ ಪುಣೇದ ವಾಕಡದಾಗ ಇರ್ತಾನಂತ. ಇನ್ನ ಮ್ಯಾಲೆ ಅವನ ಗ್ರಹಚಾರ ನನ್ನ ಕೈಯಾಗದ ಬಿಡವ್ವ."

ದಾರಿ ಟ್ರ್ಯಾಕರಿನೊಳಗೇ ಇತ್ತು. ಖಾಲಿ ಕೂತ ಹೊತ್ತಿಗೆ ಕಾರಣ ಬರೆಯಲು ಅದು ಒಂದು ಸಣ್ಣ ಪೆಟ್ಟಿಗೆ ಕೊಡುತ್ತಿತ್ತು. ಋಷಿಕೇಶ 'ಒಪ್ಪಿಗೆ' ಒತ್ತಿದರೆ ಅದು ಕೆಲಸದ ಹೊತ್ತಾಗುತ್ತಿತ್ತು. ತಿಂಗಳ ಕೊನೆಗೆ ಆ ಕಾರಣಗಳೆಲ್ಲ ತಾವಾಗಿಯೇ ಇಂಗ್ಲಿಷಿಗೆ ಅನುವಾದವಾಗಿ ಡಬ್ಲಿನ್‌ಗೆ ಹೋಗಿ, ರಿವ್ಯೂನಲ್ಲಿ ಎಲ್ಲರ ಮುಂದೆ ಬರುತ್ತಿದ್ದವು. ಈ ಕೊನೆಯ ಮಾತು ಟ್ರ್ಯಾಕರಿನ ಸೂಚನಾ ಪುಸ್ತಿಕೆಯ ಹದಿನೇಳನೇ ಪುಟದಲ್ಲಿತ್ತು. ಸಣ್ಣಕ್ಷರ ಓದುವುದೇ ನೀರಜಾಳ ಹೊಟ್ಟೆಪಾಡು.

ಋಷಿಕೇಶ ಅಂದಮೇಲೆ ಮರಾಠಿಯವನೇ ಇರಬೇಕು, ಕನ್ನಡ ಓದಲು ಬರುವುದಿಲ್ಲ, ಕಣ್ಣುಮುಚ್ಚಿ ಒಪ್ಪಿಗೆ ಕೊಡುತ್ತಾನೆ. ಏನಕ್ಕೆ ಒಪ್ಪಿಗೆ ಕೊಟ್ಟ ಅನ್ನುವುದು ತಿಂಗಳ ಕೊನೆಗೆ ಹದಿನಾಲ್ಕೂ ಊರಿಗೆ ತಿಳಿಯುತ್ತದೆ. ಇದು ಅವಳ ಲೆಕ್ಕ.

ಮೊದಲ ದಿನ ಬರೆದಳು: "ಕಾಗದದ ಮ್ಯಾಲೆ ಓದ್ಲಿಕತ್ತೀನಿ. ನಿಮ್ಮ ಯಂತ್ರಕ್ಕ ಕಾಗದ ಕಾಣೂದಿಲ್ಲ, ನಿಮಗ ಮನಷ್ಯಾರು ಕಾಣೂದಿಲ್ಲ."

ಒಪ್ಪಿಗೆ.

"ಸ್ಲೈಡ್ ಮಾಡಿದವರಿಗೆ ದೇವ್ರು ಮಾರಿ ಕೊಟ್ಟಾನ, ನಾಚಿಕಿ ಕೊಟ್ಟಿಲ್ಲ."

ಒಪ್ಪಿಗೆ.

ನೀರಜಾ ಖುಷಿಯಿಂದ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ನಾಲ್ಕನೇ ದಿನ ಇನ್ನೂ ಹುರುಪು ಬಂತು. "ನಿಮ್ಮ ದನಿ ಕೇಳಿದ್ರ ಆರಿದ ಕಡ್ಲಿಹಿಟ್ಟಿನ ಝುಣಕಾ ತಿಂದಂಗ ಆಗ್ತದ," ಎಂದು ಬರೆದಳು.

ಒಪ್ಪಿಗೆ ಬಂತು. ಅದರ ಕೆಳಗೆ ಒಂದು ಸಾಲೂ ಬಂತು, ಅಚ್ಚ ಕನ್ನಡದಲ್ಲಿ: "ಝುಣಕಾ ಆರಿದ್ರೂ ರುಚಿ ಇರ್ತದರಿ. ನಮ್ಮ ಧಾರವಾಡದ ಅಜ್ಜಿನ್ನ ಕೇಳ್ರಿ."

ನೀರಜಾಳ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಎಷ್ಟು ಹೊತ್ತು ನಿಂತಿತೆಂದರೆ, ಟ್ರ್ಯಾಕರು ಮತ್ತೆ ಕಾರಣ ಕೇಳಿತು.

ಓದಿದ್ದಾನೆ. ಎಲ್ಲವನ್ನೂ ಓದಿದ್ದಾನೆ. ಓದಿಯೂ ಒತ್ತಿದ್ದಾನೆ.

"ಬೈದ್ರೂ ಯಾಕ ಒಪ್ಪಿಗಿ ಕೊಡ್ತೀರಿ?" ಎಂದು ಬರೆದಳು.

"ನೀವು ಕೆಲಸ ಮಾಡಿದ್ದು ಖರೇ. ಬೈದದ್ದೂ ಖರೇನ ಅದ. ಯಾವುದಕ್ಕ ಇಲ್ಲ ಅನ್ಲಿ?"

ಇದು ಮತ್ತಷ್ಟು ಉರಿ ಹಚ್ಚಿತು. ಜಗಳಕ್ಕೆ ನಿಂತವನು ತಿರುಗಿ ಬೈಯಬೇಕು, ಇಲ್ಲ ಕೈ ಮುಗಿಯಬೇಕು. ಇವನು ಎರಡನ್ನೂ ಮಾಡದೆ ಎದುರಿಗೆ ಕೂತಿದ್ದಾನೆ. ಇನ್ನು ಬಿಡಬಾರದು ಅನಿಸಿತು.

ಮುಂದಿನ ಸೋಮವಾರ ಮೊಯ್ರಾ ಮಾತಾಡುತ್ತಿದ್ದಾಗಲೇ ನೀರಜಾ ಬರೆದಳು: "ಆ ನೀಲಿ ಶರ್ಟ್ ಇಸ್ತ್ರಿ ಮಾಡ್ಯೀರೋ, ಅದರ ಮ್ಯಾಲೆ ಮಲಗಿ ಎದ್ದೀರೋ?" ಬರೆದವಳೇ ಪರದೆಯ ಮೂಲೆಯಲ್ಲಿದ್ದ ಅವನ ಚೌಕವನ್ನು ನೋಡುತ್ತ ಕೂತಳು.

ಮೊದಲು ಅವನ ಕಣ್ಣು ಕೆಳಗಿಳಿಯಿತು. ಕೆಳತುಟಿ ಹಲ್ಲಿನ ನಡುವೆ ಸಿಕ್ಕಿಕೊಂಡಿತು. ಬಲಗೈ ಮೆಲ್ಲಗೆ ಮೇಲೆ ಬಂದು ಕಾಲರ್ ತಿದ್ದಿತು. ಆಮೇಲೆ ಅವನು ಕ್ಯಾಮೆರಾದ ಕಡೆಗೆ ಒಮ್ಮೆ ನೋಡಿದ, ಅರೆಗಳಿಗೆ. ಹದಿನಾಲ್ಕು ಊರಿನವರಿಗೆ ಅದು ಬರೀ ನೋಟ. ಕೊಂಢವಾದಲ್ಲಿ ಒಬ್ಬಳು ತಟ್ಟನೆ ನೀರಿನ ಬಾಟಲಿಗೆ ಕೈಹಾಕಿದಳು.

ದಿನಗಳು ಹಾಗೇ ಹೋದವು. ಅವಳು ಬೈಯುತ್ತಿದ್ದಳು, ಅವನು ಒಪ್ಪುತ್ತಿದ್ದ. ಕೆಂಪು ಗೆರೆ ಹಸಿರಾಯಿತು. ಒಂದು ದಿನ ಅವನು ಕೇಳಿದ: "ಜೋರಾಗಿ ಓದ್ತೀನಿ ಅಂತ ಬರದಿದ್ರಲ್ಲ, ಯಾರು ಕೇಳ್ತಾರ?"

"ಅವ್ವ. ಶುಗರ್ ಗುಳಿಗಿ ಬಗ್ಗೆ ಡಾಕ್ಟರಿಗಿಂತ ಆಕಿಗೇ ಹೆಚ್ಚು ಗೊತ್ತದ."

"ಪುಣ್ಯಾತ್ಗಿತ್ತಿ. ನನಗ ಬರೇ ಬೈಗುಳ ಸಿಗ್ತಾವ."

ಅವತ್ತು ನೀರಜಾ ಒಂದೇ ಚೀಟಿಯನ್ನು ಮೂರು ಸಲ ಓದಿದಳು. ಏನು ಓದಿದೆನೆಂದು ಗೊತ್ತಾಗಲಿಲ್ಲ.

ರಿವ್ಯೂಗೆ ಎರಡು ದಿನ ಉಳಿದಾಗ ಅವಳು ಟ್ರ್ಯಾಕರಿನ ಹಳೆಯ ಪುಟಗಳನ್ನು ತೆರೆದಳು. ಬರೆದದ್ದನ್ನು ಅಳಿಸಲು ನೋಡಿದಳು. ಆಗಲಿಲ್ಲ. ತಾನೇ ತೋಡಿದ ಗುಂಡಿ, ಈಗ ಮುಚ್ಚಲು ಬರುವುದಿಲ್ಲ. ಕಡೆಗೆ ಬರೆದಳು: "ಇವೆಲ್ಲಾ ಇಂಗ್ಲಿಷ್ ಆಗಿ ಡಬ್ಲಿನ್‌ಗೆ ಹೋಗ್ತಾವ. ಒಪ್ಪಿಗಿ ಎಲ್ಲಾ ವಾಪಸ್ ತಗೋರಿ. ನಿಮ್ಮ ಕೆಲಸಕ್ಕ ಕುತ್ತು ಬರ್ತದ."

ಉತ್ತರ ಕೂಡಲೇ ಬಂತು. "ಗೊತ್ತದರಿ. ಹದಿನೇಳನೇ ಪುಟಾ ಬರದಾಂವ ನಾನ."

ನೀರಜಾ ಲ್ಯಾಪ್‌ಟಾಪ್ ಮುಚ್ಚಿದಳು. ಸೇಡಿನ ಸಂತೋಷವನ್ನೂ ಇವನು ಕಸಿದುಕೊಂಡನಲ್ಲ ಎಂದು ಅಳು ಬಂತು.

ರಿವ್ಯೂನಲ್ಲಿ ಮೊಯ್ರಾ ಪಟ್ಟಿಯನ್ನು ಓದುತ್ತ ಹೋದಳು. ಆರಿದ ಝುಣಕಾ, ಇಸ್ತ್ರಿ ಕಾಣದ ಶರ್ಟ್, ನಾಚಿಕೆ ಇಲ್ಲದ ಮುಖ. ಮನಿಲಾ ಬಾಯಿಗೆ ಕೈ ಹಿಡಿಯಿತು. ನೈರೋಬಿ ಕ್ಯಾಮೆರಾ ಆಫ್ ಮಾಡಿ ನಕ್ಕಿತು. ಮೊಯ್ರಾ ಮಾತ್ರ ನಗಲಿಲ್ಲ.

"ಇನ್ನೂರಾ ಹನ್ನೆರಡು ಒಪ್ಪಿಗೆ. ಋಷಿಕೇಶ, ಏನು ಬರೆದಿದೆ ಅಂತ ಗೊತ್ತಿತ್ತೇ?"

"ಕನ್ನಡ ನನ್ನ ಮನೆಮಾತು. ಎಲ್ಲ ಓದಿದ್ದೇನೆ. ಕೆಲವನ್ನು ಎರಡೆರಡು ಸಲ."

ನಂತರ ತನ್ನದೇ ಒಂದು ಪುಟ ತೋರಿಸಿದ. ಟ್ರ್ಯಾಕರು ಅವಳನ್ನು ಖಾಲಿ ಎಂದ ಪ್ರತಿ ಹೊತ್ತಿನ ಪಕ್ಕದಲ್ಲಿ, ಆ ಹೊತ್ತಿನಲ್ಲಿ ಅವಳು ಕಾಗದದ ಮೇಲೆ ಹಿಡಿದ ತಪ್ಪು. ಒಂದು ಸಾಲಿನ ಮೇಲೆ ಬಾಣ ನಿಂತಿತು. ಮಕ್ಕಳ ಜ್ವರದ ಸಿರಪ್, ಎರಡೂವರೆ ಎಂಎಲ್ ಬದಲು ಇಪ್ಪತ್ತೈದು ಎಂದಿತ್ತು.

"ಅವತ್ತು ಈಕೆ ಹದಿನೆಂಟು ನಿಮಿಷ ಖಾಲಿ ಕೂತಿದ್ದರು," ಎಂದ. ಯಾರೂ ನಗಲಿಲ್ಲ.

ಸುಮ್ಮನಿದ್ದರೆ ನೀರಜಾಳ ಕೆಲಸ ಭದ್ರವಾಗುತ್ತಿತ್ತು. ಅವಳು ಮೈಕ್ ಆನ್ ಮಾಡಿದಳು. "ಇವರನ್ನು ನಿಮ್ಮೆಲ್ಲರ ಮುಂದೆ ಕೆಡವಬೇಕೆಂದೇ ಬರೆದೆ. ನನ್ನನ್ನು ಹೀಗೇ ನಿಲ್ಲಿಸಿದ್ದರು, ಅದಕ್ಕೆ. ತಪ್ಪು ನನ್ನದೂ ಇದೆ."

ಮೊಯ್ರಾ ಪಟ್ಟಿ ಮುಚ್ಚಿ ಹೇಳಿದಳು. ಆ ಸಿರಪ್ಪಿಗಾಗಿ ನೀರಜಾ ಪರ್ಮನೆಂಟ್. ಕಾಗದದ ಕೆಲಸಕ್ಕೆ ಇನ್ನು ಬೇರೆ ಲೆಕ್ಕ. ಗೊತ್ತಿದ್ದೂ ಒಪ್ಪಿಗೆ ಒತ್ತಿದ ಋಷಿಕೇಶ ಟ್ರ್ಯಾಕರ್ ಕೆಲಸ ಬಿಟ್ಟು ಪುಣೆಯಾಚೆ ತಳೇಗಾಂವ ದಾಭಾಡೆಯಲ್ಲಿ ಚೀಟಿ ಅಚ್ಚುಮಾಡುವ ಪ್ರೆಸ್ಸಿಗೆ, ಕಾಗದದ ಬಂಡಲುಗಳ ಉಸ್ತುವಾರಿಗೆ ಹೋಗಬೇಕು.

ಬೇಡಿದ್ದೂ ಸಿಕ್ಕಿತು, ಸೇಡೂ ತೀರಿತು. ಆದರೆ ಅವತ್ತು ಊಟ ಅರ್ಧಕ್ಕೆ ಬಿಟ್ಟು ಎದ್ದಳು.

"ಹೋಗಿ ಒಮ್ಮಿ ಎದುರಾಎದುರು ಬೈದ ಬಾ," ಅಂದಳು ಅವ್ವ. "ಇಲ್ಲಂದ್ರ ನಿನಗ ಜೀರ್ಣ ಆಗೂದಿಲ್ಲ."

ಶನಿವಾರ ಮಧ್ಯಾಹ್ನ ಅವಳು ಪ್ರೆಸ್ಸಿನ ಗೇಟಿನಲ್ಲಿ ನಿಂತಿದ್ದಾಗ ಅವನು ಹೊರಗೆ ಬಂದ. ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರ. ಮೊಣಕೈ ತನಕ ಕಾಗದದ ಧೂಳು.

"ಇನ್ನೂ ಬೈಯೂದು ಉಳದದೇನ್ರಿ?"

"ಒಂದ ಮಾತು ಕೇಳ್ಲಿಕ್ಕ ಬಂದೀನಿ. ಆ ಸ್ಲೈಡ್‌ದಾಗ ನನ್ನ ಹೆಸರದ ಅಂತ ಮೊದಲ ನೋಡಿದ್ರ್ಯೋ ಇಲ್ಲೋ?"

ಅವನು ಸುಳ್ಳು ಹೇಳಬಹುದಿತ್ತು. "ನೋಡಿದ್ದೆ. ತಗೀಬೇಕಿತ್ತು. ಹೊಸಾ ಕೆಲಸ, ಮೊಯ್ರಾ ಏನಂತಾಳೋ ಅಂತ ಅಂಜಿದೆ. ಸಾಯಂಕಾಲ ನಿಮ್ಮ ಕೆಂಪು ಪೆನ್ನಿನ ಪ್ರಿಂಟ್‌ದ ಫೋಟೋ ನೋಡಿದ ಮ್ಯಾಲೆ ನಾಚಿಕಿ ಆತು. ಅದಕ್ಕ ನಿಮ್ಮ ಬೈಗುಳ ಒಂದೂ ತಳ್ಳಲಿಲ್ಲ. ಆಮ್ಯಾಲೆ..." ನೆಲ ನೋಡಿದ. "ಆಮ್ಯಾಲೆ ಅವು ಬರದಿದ್ರ ಕೆಲಸಾ ಮಾಡ್ಲಿಕ್ಕೇ ಮನಸ್ಸಾಗ್ತಿದ್ದಿಲ್ಲ."

"ಹಂಗಾದ್ರ ಮಾಫಿ ಇಲ್ಲ."

"ಕೇಳಿಲ್ರಿ ನಾ."

ಇಬ್ಬರೂ ಹತ್ತಿದ ಪುಣೆಯ ಲೋಕಲ್ ರೈಲು ಖಾಲಿಯೇ ಇತ್ತು. ಅವನು ಪಕ್ಕದಲ್ಲಿ ಕೂರಲು ಬಂದಾಗ ನೀರಜಾ ತನ್ನ ದೊಡ್ಡ ಬ್ಯಾಗನ್ನು ಆ ಜಾಗದಲ್ಲಿಟ್ಟು, ಕಿಟಕಿಯ ಕಡೆ ಮುಖ ಮಾಡಿದಳು. "ನಿಂದರ್ರಿ."

ಅವನು ನಿಂತ. ಬೋಗಿಯ ತುಂಬ ಖಾಲಿ ಸೀಟುಗಳಿದ್ದವು. ದೇಹೂರೋಡ್ ಹೋಯಿತು, ಆಕುರ್ಡಿ ಹೋಯಿತು. ವಾಕಡಕ್ಕೆ ಅವನು ಇಳಿಯಬೇಕಾದ ಚಿಂಚವಡ ಬಂತು, ನಿಂತಿತು, ಹೋಯಿತು. ಅವನು ಹಿಡಿಕೆ ಬಿಡಲಿಲ್ಲ.

"ನಿಮ್ಮ ಸ್ಟೇಷನ್ ಹೋತು," ಅವಳು ಕಿಟಕಿಗೇ ಹೇಳಿದಳು.

"ಹೋಗ್ಲಿ ಬಿಡ್ರಿ. ಕೊಂಢವಾದಾಗ ನಿಮ್ಮವ್ವನ್ನ ಒಮ್ಮಿ ನೋಡಬೇಕು."

ಪಿಂಪರಿಯ ತನಕ ನೀರಜಾ ಅವನನ್ನು ನಿಲ್ಲಿಸಿಯೇ ಇದ್ದಳು. ಕಾಸರವಾಡಿ ದಾಟುವಾಗ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮುಖ ಮಾತ್ರ ತಿರುಗಿಸಲಿಲ್ಲ.